ಕಾರ್ಕ್‌ನಲ್ಲಿ ಕಾನ್ಫರೆನ್ಸ್ ಇರಲಿಲ್ಲ

ಮೇ ೧, ೨೦೦೫, ಭಾನುವಾರ. ಉಪ್ಸಾಲಾ

ಇರಾಳಿಗೆ ಕನ್ನಡ ಓದಲು ಕಲಿಸದೇ ಹೋದೆನಲ್ಲ ಎಂಬ ಕೊರಗು ನನಗೆ ಬಹಳ ವರ್ಷದಿಂದ ಇತ್ತು. ಇವತ್ತು ಅದು ಹೋಯಿತು. ಈ ಪುಸ್ತಕವನ್ನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿಟ್ಟು ಹೋದರೂ ನನ್ನ ಮಗಳ ಕಣ್ಣಿಗೆ ಇದು ಬರೀ ಜಿಲೇಬಿ.

ಮಗಳಿಗೆ ಸುಳ್ಳು ಹೇಳಿದೆ. ಐವತ್ತೊಂದನೆಯ ವಯಸ್ಸಿನಲ್ಲಿ, ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಒಗ್ಗರಣೆ ಸೌಟು ಹಿಡಿದುಕೊಂಡು. "ಮುಂದಿನ ವಾರ ನಾನು ಐರ್ಲೆಂಡಿಗೆ ಹೋಗ್ತಿದ್ದೀನಿ. ಕಾರ್ಕ್ ಅಂತ ಊರು. ಕಾನ್ಫರೆನ್ಸ್." ಆ ಊರಿನ ಸುತ್ತ ಔಷಧ ಕಾರ್ಖಾನೆಗಳು ಸಾಲಾಗಿವೆ, ನಾನು ಔಷಧ ಪ್ರಯೋಗಾಲಯದವಳು. ಸುಳ್ಳು ಎಷ್ಟು ಚೆನ್ನಾಗಿ ಕೂತಿತೆಂದರೆ ನನಗೇ ಭಯವಾಯಿತು. ಇರಾ ಕಾರ್ಲ್‌ಸ್ಟಾಡಿನ ತನ್ನ ಹಾಸ್ಟೆಲಿನಿಂದ "ವಾದ್ ಕ್ಯೂಲ್, ಮಮ್ಮಾ!" ಎಂದು ಸ್ವೀಡಿಷಿನಲ್ಲಿ ಖುಷಿಪಟ್ಟಳು. ಮತ್ತೆ ಇಂಗ್ಲಿಷಿನಲ್ಲಿ, "ಯಾವ ಟಾಪಿಕ್?" ಎಂದಳು. ನಾನು "ಸ್ಟೆಬಿಲಿಟಿ" ಎಂದೆ. ಬಾಯಿಗೆ ಬಂದದ್ದು ಅದೇ.

ಸತ್ಯ ಇಲ್ಲಿ ಬರೆಯುತ್ತೇನೆ. ನಾನು ಹೋಗುತ್ತಿರುವುದು ದತ್ತಾತ್ರೇಯ ಅವರ ಜೊತೆ. ಅವರು ಗೋಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ ಕಾರಿನ ಬ್ರೇಕುಗಳಿಗೆ ಸಾಫ್ಟ್‌ವೇರ್ ಬರೆಯುತ್ತಾರೆ. ಹೊನ್ನಾವರದವರು, ವಿಚ್ಛೇದನವಾಗಿ ಹತ್ತು ವರ್ಷ. ಹೋದ ದೀಪಾವಳಿಗೆ ಸ್ಟಾಕ್‌ಹೋಮಿನಲ್ಲಿ ಕನ್ನಡದವರೆಲ್ಲ ಸೇರಿದ್ದಾಗ ಅವರು ತೋಳು ಮಡಚಿಕೊಂಡು ಎಪ್ಪತ್ತು ಜನರ ತಟ್ಟೆ ತೊಳೆಯುತ್ತಿದ್ದರು. ನಾನು ಒರೆಸಲು ನಿಂತೆ. ಅಷ್ಟೇ ನಡೆದದ್ದು. ಆಮೇಲೆ ದಿನಾ ಫೋನು. ಮಾರ್ಚಿನಲ್ಲಿ ಕೇಳಿದರು: "ಮದುವೆ ಆಗೋಣ್ವಾ? ಬೇಡ ಅಂದ್ರೆ ಈ ದೇಶದವರ ಥರ ಸಾಂಬೋ ಆಗಿ ಇರೋಣ." ಮದುವೆಯಿಲ್ಲದೆ ಒಟ್ಟಿಗೆ ಬಾಳುವವರಿಗೆ ಇಲ್ಲಿ ಹಾಗೆನ್ನುತ್ತಾರೆ. ನಾನು "ಸಾಂಬಾರ್ ಅಂದ ಹಾಗೆ ಕೇಳುತ್ತೆ" ಎಂದು ನಕ್ಕು ತಪ್ಪಿಸಿಕೊಂಡೆ. "ಪ್ರವಾಸ ಮುಗಿದ ಮೇಲೆ ಹೇಳ್ತೀನಿ" ಎಂದಿದ್ದೇನೆ.

ಸಂಜೆ ಕುಂದಾಪುರಕ್ಕೆ ಅತ್ತೆಗೆ ಫೋನ್ ಮಾಡಿದೆ. ನನ್ನ ಗಂಡ ರಾಜಗೋಪಾಲ ತೀರಿಹೋದ ಮೇಲೆ ಒಂಬತ್ತು ವರ್ಷ ಒಂದು ಭಾನುವಾರವೂ ತಪ್ಪಿಸಿಲ್ಲ. ಅವರಿಗೆ ಏನೂ ಹೇಳಲಿಲ್ಲ. ರಾಜಗೋಪಾಲ ಇದ್ದಿದ್ದರೆ... ಇದ್ದಿದ್ದರೆ ಇದೆಲ್ಲ ಇರುತ್ತಲೇ ಇರಲಿಲ್ಲ. ಏನು ಬರೆಯುತ್ತಿದ್ದೇನೆ ನಾನು!

ನಿನ್ನೆ ವಾಲ್ಬೋರ್ಗ್ ಹಬ್ಬ. ವಿದ್ಯಾರ್ಥಿಗಳು ಊರೆಲ್ಲ ಕುಡಿದು ಕುಣಿದ ಬಾಟಲಿಗಳು ನದಿ ದಂಡೆಯಲ್ಲಿ ಇನ್ನೂ ಬಿದ್ದಿವೆ. ಪ್ರತಿ ವರ್ಷ ಮೂಗು ಮುರಿಯುತ್ತಿದ್ದೆ. ಈ ಸಲ ಸೈಕಲ್ಲಿನಲ್ಲಿ ಸುಮ್ಮನೆ ದಾಟಿ ಬಂದೆ. ನನಗೇನು ಹಕ್ಕು?

ಮೇ ೩, ಮಂಗಳವಾರ

ದತ್ತಾತ್ರೇಯ ಅವರ ಫೋನು.

"ರೂಮು ಬುಕ್ ಮಾಡ್ತಿದ್ದೀನಿ. ಒಂದಾ, ಎರಡಾ?"

"ಎರಡು."

"ಆಯ್ತು."

ಅಷ್ಟು ಬೇಗ "ಆಯ್ತು" ಎನ್ನಬೇಕಿತ್ತೇ ಅವರು?

ಕೆಂಪು ಕೋಟು ಕೊಂಡೆ. ಸ್ನಾನದಮನೆಯಲ್ಲಿ ತೊಟ್ಟು ನೋಡಿದೆ. ಅಂಚೆ ಡಬ್ಬಿಯಂತೆ ಕಾಣುತ್ತೇನೆ. ಹಿಂದಿರುಗಿಸುವುದಿಲ್ಲ.

ಮೇ ೬, ಶುಕ್ರವಾರ. ಕಾರ್ಕ್

ಅಕ್ಷರ ಓರೆಯಾಗಿದ್ದರೆ ಅದಕ್ಕೆ ಕಾರಣ ಉಂಟು, ಹೇಳುತ್ತೇನೆ.

ನಿನ್ನೆ ಹಬ್ಬದ ರಜೆ, ಇವತ್ತು ಅದಕ್ಕೂ ವಾರಾಂತ್ಯಕ್ಕೂ ನಡುವಿನ ಪುಕ್ಕಟೆ ರಜೆ. ಇಡೀ ಸ್ವೀಡನ್ ಎಲ್ಲಿಗೋ ಹೊರಟಿತ್ತು. ಅರ್ಲಾಂಡಾ ವಿಮಾನ ನಿಲ್ದಾಣದಲ್ಲಿ ನನ್ನ ಎದೆ ಹೊಡೆದುಕೊಳ್ಳುವ ಸದ್ದು ಪಾಸ್‌ಪೋರ್ಟ್ ನೋಡುವವಳಿಗೂ ಕೇಳಿಸಿರಬೇಕು. ಯಾರಾದರೂ ಕನ್ನಡದವರು ಕಂಡರೆ? ಒಂದು ಕುಟುಂಬ ಕಂಡೇಬಿಟ್ಟಿತು. ನಾನು ಸುಗಂಧದ ಅಂಗಡಿಯೊಳಗೆ ನುಗ್ಗಿ ಕಂಬದ ಹಿಂದೆ ನಿಂತೆ. ಹೊರಬಂದಾಗ ಅವರು ತೆಲುಗು ಮಾತಾಡುತ್ತಿದ್ದರು. ನನ್ನ ಮೈಮೇಲೆ ಆರು ಬಗೆಯ ಸೆಂಟು.

ದತ್ತಾತ್ರೇಯ ಅವರು ಗೇಟಿನಲ್ಲಿ ಕಾದಿದ್ದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. "ಅವಲಕ್ಕಿ ತಂದೆ. ಫ್ಲೈಟಲ್ಲಿ ಏನೂ ಕೊಡಲ್ವಲ್ಲ." ಬೆಳಿಗ್ಗೆ ಮೂರಕ್ಕೆ ಎದ್ದು ಒಗ್ಗರಣೆ ಹಾಕಿ, ಗೋಥೆನ್‌ಬರ್ಗಿನಿಂದ ಮೊದಲ ರೈಲು ಹಿಡಿದು ಬಂದಿದ್ದರಂತೆ. ಮೋಡದ ಮೇಲೆ ಇಬ್ಬರೂ ಒಂದೇ ಚಮಚದಲ್ಲಿ ತಿಂದೆವು. ಎರಡನೇ ಚಮಚ ತರಲು ಮರೆತಿದ್ದರು.

ಡಬ್ಲಿನ್‌ನಿಂದ ಮೂರು ಗಂಟೆ ರೈಲು. ಇಷ್ಟು ಹಸಿರು ಒಂದೇ ದೇಶಕ್ಕೆ ಯಾಕೆ ಬೇಕು? ಎದುರಿನ ಹೆಂಗಸು ನಮ್ಮ ಜೊತೆ ಮಾತಾಡಿದಳು. ಸುಮ್ಮನೆ, ಕಾರಣವಿಲ್ಲದೆ! ಹದಿನೇಳು ವರ್ಷ ಉಪ್ಸಾಲಾದ ಬಸ್ಸುಗಳಲ್ಲಿ ಕಿಟಕಿ ನೋಡಿಕೊಂಡು ಕೂತವಳಿಗೆ ಕಣ್ಣು ತುಂಬಿಬಂತು. ಅವಳು ತನ್ನ ಮೊಣಕಾಲಿನ ಆಪರೇಷನ್ ಕಥೆ ಪೂರ್ತಿ ಹೇಳಿದಳು, ನಾನು ನನ್ನ ಮೊಣಕಾಲಿನದು ಹೇಳಿದೆ.

ಸಂಜೆ ಪಬ್ಬು. ನಾನು ಈ ಜನ್ಮದಲ್ಲಿ ಕುಡಿದವಳಲ್ಲ. "ಒಂದು ಗುಟುಕು ನೋಡಿ, ಬೇಡ ಅಂದ್ರೆ ನಾನಿದ್ದೀನಿ" ಎಂದರು ದತ್ತಾತ್ರೇಯ ಅವರು. ಕಪ್ಪು ಬಿಯರು, ಮೇಲೆ ಬೆರಳು ದಪ್ಪ ಕೆನೆ. ಮೆಂತ್ಯೆ ಕಷಾಯಕ್ಕೆ ಕೆನೆ ಹಾಕಿದ ಹಾಗಿತ್ತು. ಇನ್ನೊಂದು ಗುಟುಕು ಅದು ನಿಜವೇ ಎಂದು ಖಚಿತಪಡಿಸಿಕೊಳ್ಳಲು. ಮೂರನೆಯದು ಯಾಕೆ ಎಂದು ನೆನಪಿಲ್ಲ. ನನ್ನ ತುಟಿಯ ಮೇಲೆ ಬಿಳಿ ಮೀಸೆ ಬಂದಿತ್ತು, ಅವರು ನನ್ನ ಕ್ಯಾಮೆರಾದಲ್ಲಿ ಫೋಟೋ ತೆಗೆದರು. ಪಕ್ಕದ ಮೇಜಿನ ಮುದುಕ ಕೇಳಿದ, "ನಿಮಗೆ ಮದುವೆಯಾಗಿ ಎಷ್ಟು ವರ್ಷ?" ದತ್ತಾತ್ರೇಯ ಗಂಭೀರವಾಗಿ, "ಅಪ್ಲಿಕೇಷನ್ ಹಾಕಿದ್ದೇನೆ, ಇನ್ನೂ ಪೆಂಡಿಂಗ್" ಎಂದರು. ಮುದುಕ ನನ್ನ ಕಡೆ ತಿರುಗಿ, "ಬೇಗ ಸೀಲು ಒತ್ತಮ್ಮ, ಗಂಡಸರು ಬೇಗ ಹಳತಾಗುತ್ತಾರೆ" ಎಂದ. ಇಡೀ ಪಬ್ಬು ನಕ್ಕಿತು. ನಾನು ನಕ್ಕ ನಗೆಗೆ ಕೆನೆ ಕೋಟಿನ ಮೇಲೆ ಹಾರಿತು.

ಹೋಟೆಲಲ್ಲ, ಒಬ್ಬಾಕೆ ತನ್ನ ಮನೆಯಲ್ಲೇ ಬಾಡಿಗೆಗೆ ಕೊಡುವ ಎರಡು ರೂಮು. ನಡುವಿನ ಗೋಡೆ ಕಾಗದದಷ್ಟು ತೆಳು. ಈಗಷ್ಟೇ ಅವರು ಸೀನಿದರು. ನಾನು ಇಲ್ಲಿಂದಲೇ "ಚಿರಂಜೀವಿ" ಎಂದೆ. "ಥ್ಯಾಂಕ್ಸ್ ರೀ" ಎಂದು ಗೋಡೆ ಹೇಳಿತು.

ಮೇ ೭, ಶನಿವಾರ. ಕಾರ್ಕ್

ಬೆಳಿಗ್ಗೆ ಒಂದು ತಪ್ಪು ಮಾಡಿದೆ. ತಿಂಡಿ ಬಡಿಸುತ್ತಾ ಮನೆಯೊಡತಿ, "ಇವರು ನಿಮ್ಮ ಯಜಮಾನರಾ?" ಎಂದು ಕೇಳಿದಳು. ತಲೆ ನೋಯುತ್ತಿತ್ತು, ಬಾಯಿ ತಾನಾಗಿ "ಇಲ್ಲ, ಕೊಲೀಗ್" ಎಂದಿತು. ಸಾವಿರಾರು ಮೈಲಿ ದೂರದ, ಇನ್ನೆಂದೂ ಕಾಣದ ಹೆಂಗಸಿಗೆ ಸುಳ್ಳು ಹೇಳುವ ಅಗತ್ಯವೇನಿತ್ತು? ದತ್ತಾತ್ರೇಯ ಟೋಸ್ಟಿಗೆ ಬೆಣ್ಣೆ ಸವರುತ್ತಲೇ ಇದ್ದರು. ಟೋಸ್ಟಿನ ನಾಲ್ಕೂ ಮೂಲೆಗೆ, ಬಹಳ ಹೊತ್ತು.

ಆಮೇಲೆ ಊರು ಸುತ್ತಲು ಹೊರಟೆವು. ಅವರು ಮರ್ಯಾದೆಯಿಂದ ನಡೆದುಕೊಂಡರು. ಬಾಗಿಲು ತೆಗೆದು ಹಿಡಿಯುವುದು, "ನೀವು ಮೊದಲು" ಎನ್ನುವುದು. ನನಗೆ ಅದು ಸಹಿಸಲಾಗದೆ ಎರಡರಷ್ಟು ಮಾತಾಡಿದೆ.

ಮಾರ್ಕೆಟ್ಟು ಮಾತ್ರ! ಹಳೆಯ ಕಮಾನಿನ ಕಟ್ಟಡದೊಳಗೆ ಮೀನು, ಮಾಂಸ, ಚೀಸು. ರಕ್ತದಿಂದ ಮಾಡಿದ ಬೂದು ಬಣ್ಣದ ಒಂದು ಸಾಸೇಜು ನೋಡಿ ಇಬ್ಬರೂ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದೆವು. ಮೀನಿನ ಅಂಗಡಿಯಲ್ಲಿ ಬಂಗುಡೆ ಕಂಡಿತು. ಹೊಳೆಯುವ, ಬೆನ್ನ ಮೇಲೆ ನೀಲಿ ಗೆರೆಯ, ನಮ್ಮ ಬಂಗುಡೆಯ ಶ್ರೀಮಂತ ನೆಂಟ. ನಾನು ಅಭ್ಯಾಸಬಲದಿಂದ ಕಿವಿರು ಎತ್ತಿ ನೋಡಿದೆ. ಉಪ್ಸಾಲಾದಲ್ಲಿ ಹಾಗೆ ಮಾಡಿದರೆ ನಂಬರ್ ಚೀಟಿ ಹಿಡಿದು ನಿಂತ ಸಾಲು ಉಸಿರು ಬಿಗಿಹಿಡಿಯುತ್ತದೆ. ಇಲ್ಲಿ ಮೀನಿನವನು, "ನಿಮಗೆ ಮೀನು ಗೊತ್ತು, ಲವ್!" ಎಂದ. ಈ ಊರಿನಲ್ಲಿ ಎಲ್ಲರೂ ನನ್ನನ್ನು ಲವ್ ಎನ್ನುತ್ತಾರೆ. ಬಸ್ಸಿನವನು, ಹೂವಿನವಳು, ಚಹಾದವಳು. ಜೊತೆಗೆ ಬಂದವರೊಬ್ಬರನ್ನು ಬಿಟ್ಟು.

ಮಧ್ಯಾಹ್ನ ಗುಡ್ಡದ ಮೇಲಿನ ಶ್ಯಾಂಡನ್ ಚರ್ಚು. ಅದರ ಗೋಪುರದಲ್ಲಿ ಎಂಟು ಗಂಟೆಗಳಿವೆ, ಬಂದವರು ಯಾರು ಬೇಕಾದರೂ ಹಗ್ಗ ಎಳೆದು ಬಾರಿಸಬಹುದು. ಯಾವ ಹಾಡಿಗೆ ಯಾವ ಹಗ್ಗ ಎಂದು ನಂಬರು ಬರೆದ ಹಾಳೆಯನ್ನೂ ಇಟ್ಟಿದ್ದಾರೆ. ದತ್ತಾತ್ರೇಯ ಒಂದನೇ ಹಗ್ಗದಿಂದ ಎಂಟನೆಯದರವರೆಗೆ ಒಮ್ಮೆ ಎಳೆದರು. ನನ್ನ ಕಿವಿ ನೆಟ್ಟಗಾಯಿತು.

"ದತ್ತಾತ್ರೇಯ! ಇದು ಸರಿಗಮ!"

"ಅಂದ್ರೆ?"

"ಸರಿಯಾಗಿ ಎಂಟು. ಸರಿಗಮಪದನಿಸ. ಸರಿಯಿರಿ, ಸರಿಯಿರಿ."

ಅವರನ್ನು ಸೊಂಟದಿಂದ ತಳ್ಳಿ ಹಗ್ಗ ಹಿಡಿದೆ. ಎಂಟು ವರ್ಷದವಳಿದ್ದಾಗ ಕುಂದಾಪುರದಲ್ಲಿ ಕಲಿತ ಮೊದಲ ಪಾಠ, ಸರಳೆ ವರಸೆ. ಟೀಚರು ಕಲಿಸಿದ್ದು ಮಾಯಾಮಾಳವಗೌಳದಲ್ಲಿ, ಈ ಗಂಟೆಗಳಿಗೆ ಅದು ಬಾರದು. ಇವು ಹುಟ್ಟಾ ಶಂಕರಾಭರಣ. ಇರಲಿ ಎಂದು ಶುರು ಮಾಡಿದೆ. ಒಂದನೇ ವರಸೆ, ಎರಡನೇ ವರಸೆ, ಆಮೇಲೆ ದತ್ತಾತ್ರೇಯ ಕೆಳಗಿನ ನಾಲ್ಕು ಹಗ್ಗ, ನಾನು ಮೇಲಿನ ನಾಲ್ಕು. ಅವರು ಎರಡು ಕಡೆ ತಪ್ಪಿದರು. "ಮ! ಮ ಎಲ್ಲಿ?" ಎಂದು ನಾನು ಚೀರಿದೆ. ಇಡೀ ಕಾರ್ಕ್ ನಗರದ ಮೇಲೆ, ನದಿ, ಸೇತುವೆ, ಬಿಯರ್ ಕಾರ್ಖಾನೆ ಎಲ್ಲದರ ಮೇಲೆ, ಕುಂದಾಪುರದ ಸಂಗೀತ ಪಾಠ ಕಾಲು ಗಂಟೆ ಮೊಳಗಿತು. ಕೆಳಗೆ ಬಂದರೆ ಬೀದಿಯಲ್ಲಿ ಗಾಡಿ ತಳ್ಳಿಕೊಂಡು ಹೋಗುತ್ತಿದ್ದ ಹೆಂಗಸು ನಿಂತು, "ಅದು ನೀವಾ? ಅದು ಯಾವ ಹಾಡು, ಮುಗಿಯುತ್ತಲೇ ಇರಲಿಲ್ಲವಲ್ಲ?" ಎಂದಳು. ನಗು ತಡೆಯಲಾಗದೆ ಚರ್ಚಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ದತ್ತಾತ್ರೇಯನೂ ಕೂತ. ನಗು ಇಳಿದ ಮೇಲೆ ಹೇಳಿದ: "ಊರಿಗೆಲ್ಲಾ ಕೇಳೋ ಹಾಗೆ ಸರಳೆ ವರಸೆ ಬಾರಿಸ್ತೀರಿ. ನನ್ನ ಹೆಸರನ್ನ ಮಾತ್ರ ಪಿಸುಗುಟ್ಟಿ ಹೇಳ್ತೀರಿ."

"ಹಾಗಲ್ಲ..."

"ನೀವು ಬೇಡ ಅಂದ್ರೂ ನಾನು ತಡ್ಕೊಳ್ತೀನಿ. ಹೂಂ ಅಂದು ಯಾರಿಗೂ ಹೇಳದೇ ಇದ್ರೆ, ಅದು ನನ್ ಕೈಲಿ ಆಗಲ್ಲ. ಐವತ್ತೈದು ವರ್ಷದವನು ಕಂಬದ ಹಿಂದೆ ನಿಲ್ಲೋಕಾಗುತ್ತಾ?"

ಕಂಬದ ಹಿಂದೆ ನಿಂತದ್ದನ್ನು ನೋಡಿದ್ದ!

ನನಗೆ ಸಿಟ್ಟು ಬಂತು. ನಿಮಗೇನು ಗೊತ್ತು, ಮಗಳಿಲ್ಲ, ಅತ್ತೆಯಿಲ್ಲ ಎಂದೆ. ಹನ್ನೊಂದು ವರ್ಷದ ಇರಾಳನ್ನು ಶಾಲೆಯಿಂದ ಕರೆತರಲು ಹೋಗಿ, ಅಪ್ಪ ಆಫೀಸಿನಲ್ಲೇ ಕುಸಿದ ಎಂದು ಹೇಳಿದ ಮಧ್ಯಾಹ್ನದ ಕಥೆಯನ್ನು ಮೊದಲ ಸಲ ಪೂರ್ತಿ ಹೇಳಿದೆ. ಕೊನೆಗೆ ಅವನು ತನ್ನ ಮಫ್ಲರು ಕೊಟ್ಟ, ಮೂಗು ಒರೆಸಿಕೊಳ್ಳಲು. ಉಣ್ಣೆಯದು. ಚುಚ್ಚಿತು. ಮತ್ತೆ ನಗು ಬಂತು.

ಊಟಕ್ಕೆ ಸಿಂಪಿ ತಿಂದೆವು, ನಿಂಬೆ ಹಿಂಡಿ. ಹನ್ನೆರಡು ನನಗೆ, ಆರು ಅವನಿಗೆ.

ಮೇ ೮, ಭಾನುವಾರ. ಕಾರ್ಕ್

ರೈಲಿನಲ್ಲಿ ಕೋವ್ ಎಂಬ ಬಂದರು ಊರಿಗೆ ಹೋದೆವು. ಬಣ್ಣಬಣ್ಣದ ಮನೆಗಳು ಗುಡ್ಡದಿಂದ ಸಮುದ್ರಕ್ಕೆ ಜಾರಿ ಬೀಳುವಂತಿವೆ. ಹಿಂದಿನ ಕಾಲದಲ್ಲಿ ಲಕ್ಷಗಟ್ಟಲೆ ಜನ ಇಲ್ಲಿಂದಲೇ ಹಡಗು ಹತ್ತಿ ಅಮೆರಿಕಕ್ಕೆ ಹೋದರಂತೆ. ದಂಡೆಯಲ್ಲಿ ಕೂತು ಪೊಟ್ಟಣದಿಂದ ಮೀನು, ಚಿಪ್ಸ್ ತಿನ್ನುತ್ತಾ ದತ್ತ ಕಡಲಕಾಗೆಗಳಿಗೆ ಒಂದೊಂದು ಹೆಸರಿಡುತ್ತಿದ್ದ, ಎಲ್ಲವೂ ಅವನ ಆಫೀಸಿನ ಮ್ಯಾನೇಜರುಗಳ ಹೆಸರು.

ಹನ್ನೆರಡು ಗಂಟೆ. ಕುಂದಾಪುರದಲ್ಲಿ ನಾಲ್ಕೂವರೆ, ಅತ್ತೆ ಚಹಾ ಕುಡಿದು ಕೂತಿರುವ ಹೊತ್ತು. "ಫೋನ್ ಮಾಡಿ ಬರ್ತೀನಿ" ಎಂದು ಎದ್ದೆ. ಉಪ್ಸಾಲಾದಲ್ಲಿ ಚಳಿ, ಕೆಲಸ ಜಾಸ್ತಿ, ಇರಾ ಹುಷಾರು. ಹೇಳಬೇಕಾದ್ದೆಲ್ಲ ತಯಾರಿತ್ತು. ಅತ್ತೆ ಫೋನೆತ್ತಿದ್ದೇ ತಡ, ನನ್ನ ನೆತ್ತಿಯ ಮೇಲಿನ ಚರ್ಚಿನ ಗಂಟೆಗಳೆಲ್ಲ ಒಟ್ಟಿಗೆ ಹೊಡೆಯತೊಡಗಿದವು.

"ಅದೆಂತ ಶಬ್ದ? ಎಲ್ಲಿದ್ದೆ ಹೆಣೆ?"

ಐವತ್ತೊಂದಾದರೂ ಅತ್ತೆಗೆ ನಾನು ಇನ್ನೂ ಹೆಣೆ, ಹುಡುಗಿ. ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ದೂರದಲ್ಲಿ ದತ್ತ ಒಂದು ಕಡಲಕಾಗೆಯ ಜೊತೆ ಚಿಪ್ಸಿಗಾಗಿ ಎಳೆದಾಡುತ್ತಿದ್ದ.

"ಐರ್ಲೆಂಡಲ್ಲಿ ಅತ್ತೆ."

"ಇರಾನೂ ಬಂದಿತ್ತಾ?"

"ಇಲ್ಲ. ದತ್ತಾತ್ರೇಯ ಅಂತ. ಹೊನ್ನಾವರದವರು. ಅವರ ಜೊತೆ ಬಂದಿದ್ದೇನೆ. ನಾವಿಬ್ಬರೇ."

ಗಂಟೆಗಳು ನಿಂತವು. ಆ ಕಡೆ ಫ್ಯಾನಿನ ಸದ್ದು ಕೇಳುತ್ತಿತ್ತು.

"ಎಷ್ಟ್ ಪ್ರಾಯ ಅವಂಗೆ?"

"ಐವತ್ತೈದು."

"ಮೀನ್ ತಿಂತ್ನಾ?"

"ತಿಂತಾರೆ."

ಮತ್ತೆ ಫ್ಯಾನು. ಆಮೇಲೆ, "ನಾನ್ ಫೋನ್ ಇಡ್ತೆ." ಇಟ್ಟರು.

ಒಂಬತ್ತು ವರ್ಷವೂ ಫೋನನ್ನು ಮೊದಲು ಇಡುತ್ತಿದ್ದವಳು ನಾನು. ವಾಪಸು ಬಂದು ಕಲ್ಲಿನ ಮೇಲೆ ಕೂತೆ. "ಹೇಳಿದೆ" ಎಂದೆ. ದತ್ತ ಉಳಿದ ಚಿಪ್ಸನ್ನೆಲ್ಲ ನನ್ನ ಕಡೆ ಸರಿಸಿದ. ತಣ್ಣಗಾಗಿದ್ದವು, ವಿನೆಗರಿನಲ್ಲಿ ನೆನೆದಿದ್ದವು. ಎಲ್ಲಾ ತಿಂದೆ.

ಮೇ ೯, ಸೋಮವಾರ. ಡಬ್ಲಿನ್ ರೈಲಿನಲ್ಲಿ

ಅವನು ಎದುರಿಗೆ ನಿದ್ದೆ ಹೋಗಿದ್ದಾನೆ, ಬಾಯಿ ತೆರೆದುಕೊಂಡು. ಬೇಗ ಬರೆಯುತ್ತೇನೆ.

ಬೆಳಿಗ್ಗೆ ತಿಂಡಿಗೆ ಕೂತಾಗ ಮನೆಯೊಡತಿಯನ್ನು ಕರೆದೆ. "ಮೊನ್ನೆ ನಾನು ಸುಳ್ಳು ಹೇಳಿದೆ. ಇವರು ನನ್ನ ಕೊಲೀಗ್ ಅಲ್ಲ."

"ಗೊತ್ತು, ಲವ್" ಎಂದಳು ಚಹಾ ಬಗ್ಗಿಸುತ್ತಾ. "ಕೊಲೀಗ್ ಸೀನಿದರೆ ಯಾರೂ ಗೋಡೆಯಾಚೆಯಿಂದ ಆಶೀರ್ವಾದ ಮಾಡುವುದಿಲ್ಲ."

"ನಾವು ಮದುವೆ ಆಗುತ್ತಿದ್ದೇವೆ" ಎಂದೆ.

ಠಣ್ ಎಂದು ಸದ್ದಾಯಿತು. ದತ್ತನ ಚಮಚ ತಟ್ಟೆಗೆ ಬಿದ್ದಿತ್ತು. ಅವನ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿರಲೇ ಇಲ್ಲ ಎಂಬುದು ಆಗ ನೆನಪಾಯಿತು. ಅವನ ಮುಖ ಮೊದಲು ಬಿಳುಪಾಯಿತು, ಆಮೇಲೆ ಕೆಂಪಾಯಿತು.

"ನೀನು... ಅದನ್ನ ಮೊದ್ಲು ನಂಗೆ ಹೇಳ್ಬೇಕಿತ್ತಲ್ವಾ ವೇದಾ?"

"ಪಕ್ಕದಲ್ಲೇ ಇದ್ದೀಯಲ್ಲ, ಕೇಳಿಸ್ತಲ್ಲ."

ಮನೆಯೊಡತಿ ಇಬ್ಬರಿಗೂ ಒಂದೊಂದು ಮೊಟ್ಟೆ ಹೆಚ್ಚಿಗೆ ಹಾಕಿದಳು. ಅವನು ತಿನ್ನಲಿಲ್ಲ. ಸುಮ್ಮನೆ ನಗುತ್ತಾ ಕೂತಿದ್ದ. ಅವನದನ್ನೂ ನಾನೇ ತಿಂದೆ.

ಮೇ ೧೪, ಶನಿವಾರ. ಕಾರ್ಲ್‌ಸ್ಟಾಡ್‌ನಿಂದ ಬಂದೆ

ಫೋನಿನಲ್ಲಿ ಹೇಳುವ ವಿಷಯವಲ್ಲ ಎಂದು ರೈಲು ಹತ್ತಿ ಹೋದೆ. ನದಿ ಪಕ್ಕದ ಕೆಫೆಯಲ್ಲಿ ಇರಾ ಮತ್ತು ನಾನು ಫೀಕಾಕ್ಕೆ ಕೂತೆವು, ಕಾಫಿ ಮತ್ತು ದಾಲ್ಚಿನ್ನಿ ಬನ್ನು. ಹೇಳಿಬಿಟ್ಟೆ.

"ವೆಯ್ಟ್. ಕಾನ್ಫರೆನ್ಸ್ ಇರ್ಲಿಲ್ವಾ?"

"ಇರಲಿಲ್ಲ."

"ದು ಯೋಗ್, ಮಮ್ಮಾ!" ಸುಳ್ಳು ಹೇಳಿದೆ ನೀನು! ಪಕ್ಕದ ಮೇಜಿನವರು ತಿರುಗಿದರು. ಆಮೇಲೆ ಸ್ವೀಡಿಷ್, ಇಂಗ್ಲಿಷ್ ಕಲಸಿ ಬೈದಳು. ತನ್ನ ಬಾಯ್‌ಫ್ರೆಂಡ್ ನಿಕ್ಲಾಸನ ಬಗ್ಗೆ ಮೊದಲ ದಿನವೇ ನನಗೆ ಹೇಳಿದ್ದಳಂತೆ. ಪರೀಕ್ಷೆಯಲ್ಲಿ ಫೇಲಾದದ್ದನ್ನೂ ಹೇಳಿದ್ದಳಂತೆ. ನಾನು "ಸ್ಟೆಬಿಲಿಟಿ" ಎಂದದ್ದನ್ನು ನಂಬಿ ಗೆಳತಿಯರಿಗೆಲ್ಲ ಅಮ್ಮ ಭಾಷಣ ಮಾಡಲು ಹೋಗಿದ್ದಾಳೆ ಎಂದು ಹೇಳಿಕೊಂಡಿದ್ದಳಂತೆ. ಆ ಮನುಷ್ಯನ ಬಗ್ಗೆ ಒಂದು ಮಾತೂ ಇಲ್ಲ. ಸಿಟ್ಟೆಲ್ಲ ನನ್ನ ಮೇಲೆ. ಎದ್ದು ಹೊರಗೆ ಹೋಗಿ ನದಿ ನೋಡುತ್ತಾ ನಿಂತಳು. ಗಾಜಿನಾಚೆ ಅವಳ ಬೆನ್ನು ರಾಜಗೋಪಾಲನ ಬೆನ್ನಿನ ಹಾಗೇ ಇತ್ತು, ಬಲಭುಜ ಸ್ವಲ್ಪ ಇಳಿದು.

ನಾನು ಕದಲದೆ ಕೂತೆ. ಅವಳು ಬಂದು ಬನ್ನಿನ ಉಳಿದರ್ಧ ತಿಂದಳು.

"ಹ್ಯಾವ್ ಯೂ ಗಾಟ್ ಎ ಫೋಟೋ?"

ಪಬ್ಬಿನದನ್ನು ತೋರಿಸಿದೆ, ಬಿಳಿ ಮೀಸೆಯದು. ಬಹಳ ಹೊತ್ತು ನೋಡಿದಳು.

"ಇದ್ರಲ್ಲಿ ಅವ್ರು ಇಲ್ವಲ್ಲ. ಬರೀ ನೀನು."

"ತೆಗೆದದ್ದು ಅವನು."

ಇನ್ನೊಮ್ಮೆ ನೋಡಿದಳು. "ನಂಗೆ ಮೇಲ್ ಮಾಡು" ಎಂದಳು.

ಮೇ ೧೫, ಭಾನುವಾರ

ಕುಂದಾಪುರಕ್ಕೆ ಫೋನ್ ಮಾಡಿದೆ. ಓರಗಿತ್ತಿ ಎತ್ತಿ, "ಅತ್ತೆ ದೇವಸ್ಥಾನಕ್ಕೆ ಹೋಗಿದ್ರು" ಎಂದಳು. ಹಿಂದೆ ಅತ್ತೆ ಕೆಮ್ಮಿದ್ದು ಕೇಳಿಸಿತು. "ಇರಲಿ, ಫೋನ್ ಮಾಡಿದ್ದೆ ಅಂತ ಹೇಳಿ" ಎಂದೆ.

ಮೇ ೨೨, ಭಾನುವಾರ

ದತ್ತ ಶುಕ್ರವಾರ ಬಂದ. ಇರಾ ನಿನ್ನೆ ಬಂದಳು. ಮೊದಲ ಒಂದು ಗಂಟೆ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದರು. ಸ್ವೀಡನ್‌ನಲ್ಲಿ ಹವಾಮಾನಕ್ಕೆ ಒಂದು ಗಂಟೆ ಸಾಲುವುದೂ ಇಲ್ಲ. ಆಮೇಲೆ ಅವಳ ಸೈಕಲ್ಲಿನ ಬ್ರೇಕು ಕಿರುಗುಟ್ಟುತ್ತಿದೆ ಎಂದು ಗೊತ್ತಾಗಿ ಅವನು ಅಂಗಳಕ್ಕೆ ಇಳಿದ, ಇವಳೂ ಇಳಿದಳು. ಕಿಟಕಿಯಿಂದ ನೋಡಿದರೆ ಇಬ್ಬರ ಕೈಯೂ ಗ್ರೀಸು, ಇಬ್ಬರೂ ಜಗಳವಾಡುತ್ತಿದ್ದರು. ಬ್ರೇಕಿನ ಇಂಜಿನಿಯರು ಬ್ರೇಕು ಇನ್ನಷ್ಟು ಕೆಡಿಸಿದ್ದ.

ಇವತ್ತು ಮಧ್ಯಾಹ್ನ ಊಟ ಮುಗಿಯುವ ಹೊತ್ತಿಗೆ ಮನೆಯ ಫೋನು ಬಡಿದುಕೊಂಡಿತು. ಇರಾ ಎತ್ತಿದಳು. "ಅಜ್ಜಿ!" ಎಂದಳು, ಕಣ್ಣು ಅಗಲವಾಯಿತು. ಅತ್ತೆ ತಾವಾಗಿ ಎಂದೂ ಫೋನ್ ಮಾಡಿದವರಲ್ಲ. ಇರಾ ಕೇಳಿಸಿಕೊಂಡು, ಫೋನನ್ನು ನನಗೆ ಕೊಡದೆ ದತ್ತನ ಕಡೆ ಚಾಚಿದಳು. "ನಿಮ್ಗಂತೆ."

ದತ್ತ ಎದ್ದು ನಿಂತ. ಬಾಯಿ ಒರೆಸಿಕೊಂಡು, ಅಂಗಿಯ ಮೇಲಿನ ಗುಂಡಿಯನ್ನೂ ಹಾಕಿಕೊಂಡ. ನಮ್ಮೊಡನೆ ಬೆಂಗಳೂರಿನವರಂತೆ ಮಾತಾಡುವವನ ಬಾಯಲ್ಲಿ ಹೊನ್ನಾವರ ಪೂರ್ತಿ ಇಳಿದುಬಂತು.

"ಹೌದ್ರಾ ಅಮ್ಮಾ... ದತ್ತಾತ್ರೇಯನೇ... ಇಲ್ಲ, ಶುಗರ್ ಇಲ್ಲೆ. ಬಿಪಿ ಸ್ವಲ್ಪ ಇದ್ದು... ಹೂಂ, ಅಡುಗೆ ಮಾಡ್ತೆ... ಇಲ್ಲ ಅಮ್ಮಾ, ಬೈಯೂದಿಲ್ಲ. ಅವಳೇ ಬೈತಾಳೆ..." ಇರಾ ಬಾಯಿಗೆ ಕೈ ಒತ್ತಿ ಹಿಡಿದಿದ್ದಳು. ಆಮೇಲೆ ಅವನು ಬಹಳ ಹೊತ್ತು ಸುಮ್ಮನೆ ಕೇಳಿಸಿಕೊಂಡ. ಕೊನೆಗೆ ಗೋಡೆಯ ಮೇಲಿನ ರಾಜಗೋಪಾಲನ ಫೋಟೋ ಕಡೆ ನೋಡಿ ಮೆಲ್ಲಗೆ, "ತೆಗೆಯೂದಿಲ್ಲ. ಫೋಟೋ ಅಲ್ಲೇ ಇರ್ತದೆ. ಧೂಳು ನಾನೇ ಒರೆಸ್ತೆ" ಎಂದು ಹೇಳಿ ಫೋನನ್ನು ನನ್ನ ಕೈಗಿಟ್ಟ.

"ಅತ್ತೆ?"

"ಅವ ಮಾತಾಡೂದ್ ಜಾಸ್ತಿ" ಎಂದರು. "ರಾಜು ಮಾತೇ ಆಡ್ತಿರ್ಲಿಲ್ಲ."

"ಹೌದು."

"ಒಂಬತ್ತ್ ವರ್ಷ ಆಯ್ತ್ ಹೆಣೆ. ಪ್ರತಿ ಆದಿತ್ಯವಾರ ನಿನ್ ಫೋನ್ ಬಂದಾಗ್ಲೂ ನಂಗೆ ಒಂದೇ ಹೆದ್ರಿಕೆ. ಇವ್ಳಿಗೆ ಯಾರಾರೂ ಸಿಕ್ಕಿದ್ರೆ ಈ ಫೋನ್ ನಿಲ್ತ್ ಅಂತ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದೆ.

"ಹೋದ ವಾರ ನಾನ್ ಮನೆಯಂಗೇ ಇದ್ದೆ. ಬೇಕಂತ್ಲೇ ಬರ್ಲಿಲ್ಲ. ಆದ್ರೂ ನೀ ಮಾಡ್ದೆ."

"ಮುಂದಿನ ವಾರವೂ ಮಾಡ್ತೇನೆ ಅತ್ತೆ."

"ಮಾಡು. ಮೊದ್ಲು ಅವಂಗೆ ಕೊಡು, ಹೊನ್ನಾವರದಂಗೆ ಅವನ ಮನೆ ಎಲ್ಲಿ ಅಂತ ಕೇಳುಕೆ ಮರ್ತೆ" ಎಂದರು. ನಾನು ಮತ್ತೆ ಫೋನನ್ನು ದತ್ತನಿಗೆ ಕೊಟ್ಟೆ. ಅವನು ಮತ್ತೆ ಎದ್ದು ನಿಂತ.